ಕೀಲಿ ಹಿಡಿದವನ ಸರದಿ

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿ ಹಿಂದೆ
ನನ್ನ ಅಂಗಡಿ. ಫಲಕವಿಲ್ಲ.
ಕೆಟ್ಟ ಫಿಶ್ ಫೈಂಡರು, ಉಪ್ಪು ತಿಂದ ವಯರು,
ಬೆಸುಗೆಯ ಹೊಗೆಗೂ ಇಲ್ಲಿ ಬಂಗುಡೆಯ ವಾಸನೆ.

ಪುಂಡಲೀಕ ಹರಿಕಂತ್ರರ ಬೋಟಿಗೆ
ಊಟದ ಡಬ್ಬಿಯಲ್ಲೇ ಒಂದು ಯಂತ್ರ ಮಾಡಿಕೊಟ್ಟಿದ್ದೆ.
ತಳದಲ್ಲಿ ನೀರು ನಿಂತರೆ ತೇಲುಗುಂಡು ಏಳಬೇಕು,
ಪಂಪು ತಾನೇ ಎಚ್ಚರಾಗಬೇಕು.
ಒಳಗೆ ಹುಣಸೆಬೀಜದಷ್ಟು ಚಿಪ್ಪು,
ಇಪ್ಪತ್ತು ಕೆಬಿ ನೆನಪು,
ಅದರೊಳಗೆ, ಯಾರೋ ಬರೆದು
ಯಾರು ಬೇಕಾದರೂ ಒಯ್ಯಿರಿ ಎಂದು
ಬಾಗಿಲು ತೆರೆದಿಟ್ಟು ಹೋದ ಪುಟ್ಟ ವ್ಯವಸ್ಥೆ.
ಸೆಕೆಂಡಿಗೆ ಸಾವಿರ ಸಲ ತಲೆಯೆತ್ತಿ
ಈಗ ಯಾರ ಸರದಿ ಎಂದು ಕೇಳುತ್ತದೆ.
ಅದರ ಕಸುಬು ಅಷ್ಟೇ.

ಹದಿನೈದು ಇರುಳು ಓದಿದ್ದೆ ಅದನ್ನು.
ಸಾಲುಗಳ ನಡುವೆ ಒಂದೆಡೆ ಟಿಪ್ಪಣಿ:
ಇಲ್ಲಿ ಯಾರೂ ನಿದ್ದೆ ಮಾಡಕೂಡದು.
ಇನ್ನೊಂದೆಡೆ:
ಸಂಜೆ ಬರೆದದ್ದು, ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು.
ನೋಡಿದರೋ ಇಲ್ಲವೋ.

ಮೂರು ಕೆಲಸ ಹಚ್ಚಿದೆ.
ಪಂಪಿಗೆ ಎಲ್ಲಕ್ಕಿಂತ ಮೇಲಿನ ಮಣೆ.
ನಡುವೆ ಪರದೆ: ದಿಕ್ಕು, ವೇಗ, ಬ್ಯಾಟರಿ,
ಬಾಯಿ ಮುಚ್ಚುವುದೇ ಇಲ್ಲ.
ಕಟ್ಟಕಡೆಗೆ ದಿನಚರಿ,
ನೀರೆಷ್ಟು ಎಂದು ಕಾರ್ಡಿನಲ್ಲಿ ಬರೆದಿಡುವ ಬಡಪಾಯಿ.
ತೇಲುಗುಂಡಿನ ಅಳತೆ ಒಂದೇ. ಅದಕ್ಕೆ ಕೀಲಿಯೂ ಒಂದೇ.

ಚೌತಿಯ ಹಿಂದಿನ ವಾರ,
ದೇವಗಡದ ದೀಪ ಆಗಷ್ಟೇ ಕಂಡಿತ್ತಂತೆ.
ದಿನಚರಿ ಕೀಲಿ ಹಿಡಿದು ಬರೆಯುತ್ತಿತ್ತು.
ಪಂಪು ಕೀಲಿಗಾಗಿ ಕಾದಿತ್ತು.
ಉಪಗ್ರಹ ಸಿಕ್ಕ ಖುಷಿಗೆ ಪರದೆ ಮಾತಿಗೆ ಬಿತ್ತು.
ಪರದೆ ದೊಡ್ಡದು, ದಿನಚರಿಯ ಕೈ ನಿಂತಿತು;
ದಿನಚರಿ ಬಿಡದೆ ಪಂಪಿಗೆ ಕೀಲಿಯಿಲ್ಲ.
ಎಲ್ಲವೂ ನಿಯಮದಂತೆಯೇ.
ನೀರು ಮೊಣಕಾಲಿಗೆ ಬಂತು.
ಪರದೆ ಮಾತ್ರ ಚಂದವಾಗಿ ಹೊಳೆಯುತ್ತಿತ್ತಂತೆ.

ಬಕೆಟ್ಟಿನಲ್ಲಿ ಎತ್ತಿ ಹಾಕಿದವನು ಖಲಾಸಿ ಉಲ್ಲಾಸ.
ಬೆಳಗಿನ ಜಾವ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು
ಅಂಗೈ ತೋರಿಸಿದ. ಬೊಬ್ಬೆ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪುಂಡಲೀಕರು ಕೇಳಿದರು: "ಗ್ಯಾರಂಟಿ ಎಲ್ಲಿ?"
ಕಡತದ ನೆತ್ತಿಯ ಮೇಲಿದ್ದ ದಪ್ಪಕ್ಷರ ಓದಿ ಹೇಳಿದೆ:
ಯಾವ ಭರವಸೆಯೂ ಇಲ್ಲ,
ನಷ್ಟಕ್ಕೆ ಯಾರೂ ಹೊಣೆಯಲ್ಲ.
ಅವರು ಬೀಡಿ ಕೆಳಗಿಳಿಸಿದರು.
"ನನ್ನ ವಿಮೆ ಕಾಗದದಲ್ಲೂ ಇದೇ ಇರೋದು.
ಅದಕ್ಕೆ ವರ್ಷಾ ದುಡ್ಡು ಕಟ್ತೇನೆ. ಇದಕ್ಕೆಷ್ಟು?"
"ಬಿಟ್ಟಿ."
"ಹಾಗಾದರೆ ಇದೇ ವಾಸಿ. ಸರಿ ಮಾಡು, ವಿಜಯಾ."

ತಪ್ಪು ಅದರದಾಗಿರಲಿಲ್ಲ.
ಎರಡು ಬಗೆಯ ಕೀಲಿ ಇಟ್ಟಿದ್ದರು ಬರೆದವರು;
ಅವಸರಕ್ಕೆ ನಾನು ಹಗುರದ್ದನ್ನು ಎತ್ತಿಕೊಂಡಿದ್ದೆ.
ಇನ್ನೊಂದಕ್ಕೆ ಒಂದು ಗುಣ:
ದೊಡ್ಡವನು ಹೊರಗೆ ಕಾದಿದ್ದರೆ
ಒಳಗಿರುವ ಚಿಕ್ಕವನಿಗೆ, ಆ ಕ್ಷಣದ ಮಟ್ಟಿಗೆ,
ದೊಡ್ಡವನದೇ ಪಟ್ಟ.
ಮುಗಿಸು, ಕೀಲಿ ಕೊಡು, ನಿನ್ನ ಜಾಗಕ್ಕೆ ಹೋಗು.
ಬಲೆಯ ಗಂಟು ಪೋರನ ಕೈಯಲ್ಲಿ ಸಿಕ್ಕಿಕೊಂಡಾಗ
ತಾಂಡೇಲನೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ.
ಈ ಬಂದರಿನಲ್ಲೇ ಬೆಳೆದವಳು,
ಅಷ್ಟು ಹೊಳೆಯಲಿಲ್ಲ ನನಗೆ.

ಬದಲಿಸಿದ್ದು ಒಂದು ಸಾಲು.

ಲಂಗರು ಹಾಕಿದ ಬೋಟಿನ ಮೇಲೆ ನಾವಿಬ್ಬರೇ.
ಡಬ್ಬಿಯಲ್ಲಿ ಈಗ ಯಾರಿಗೂ ಕೆಲಸವಿಲ್ಲ.
ಅಂಥ ಹೊತ್ತಿಗೂ ಅಲ್ಲೊಂದು ಕೆಲಸವಿದೆ,
ಏನನ್ನೂ ಮಾಡದ್ದು, ಆದರೂ ಮುಗಿಯಕೂಡದ್ದು,
ಬೋಟು ಕಾಯಲು ಮಲಗುವ ಮುದುಕ ಬಾಬುವಿನಂತೆ,
ಅರೆಗಣ್ಣಿನಲ್ಲಿ.

"ಇದನ್ನ ಬರೆದವರು ಯಾರು?" ಉಲ್ಲಾಸ ಕೇಳಿದ.
"ಹೆಸರಿದೆ. ಊರು ಗೊತ್ತಿಲ್ಲ."
ನಾನು ಹೂಂ ಅನ್ನುವ ಮೊದಲೇ
ಸಮುದ್ರದ ನೀರಿನ ಕೊಡ ಬಗ್ಗಿಸಿಬಿಟ್ಟ.
ತೇಲುಗುಂಡು ಎದ್ದಿತು. ಪಂಪು ಒಮ್ಮೆ ಕೆಮ್ಮಿ
ನೀರನ್ನು ನೇರ ಅವನ ಚಪ್ಪಲಿಯ ಮೇಲೆ ಉಗುಳಿತು.
ಕಾಲು ಹಿಂದೆಗೆಯದೆ ಅವನೆಂದ:
"ಅವರಿಗೆ ಈಜು ಬರ್ತದೋ?"